ಕೈರೋದ ರಸ್ತೆಗಳಲ್ಲಿ 14 ತಿಂಗಳು: ನೀರ್ಚಾಲಿನವನ ಕೆಲವು ಮಾತು

ನೀರ್ಚಾಲಿನವ ಬರೆದದ್ದು:

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ದುಬೈ, ದೋಹಾ, ಜಿದ್ದಾಗಳಲ್ಲಿ ವಾಹನ ಓಡಿಸುವವರು ಮನೆಗೊಬ್ಬರಂತೆ ಇದ್ದಾರೆ. ಕೈರೋದಲ್ಲಿ ಓಡಿಸಿದವರ ಅನುಭವವನ್ನು ನಾನು ಈವರೆಗೆ ಎಲ್ಲಿಯೂ ಓದಿಲ್ಲವಾದ್ದರಿಂದ ನಾನೇ ಆರಂಭಿಸುತ್ತಿದ್ದೇನೆ. ಆರು ವರ್ಷ ದುಬೈಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ನನ್ನನ್ನು 14 ತಿಂಗಳ ಹಿಂದೆ ಈಜಿಪ್ಟಿಗೆ ವರ್ಗ ಮಾಡಿದರು. ವಾಸ ನಗರದ ದಕ್ಷಿಣದಲ್ಲಿರುವ ಮಾದಿಯಲ್ಲಿ, ಕೆಲಸ ಪೂರ್ವದ ನಸ್ರ್ ಸಿಟಿಯಲ್ಲಿ. ದೂರ ಹೆಚ್ಚು ಕಡಿಮೆ ಕುಂಬಳೆಯಿಂದ ಕಾಸರಗೋಡಿಗೆ ಇರುವಷ್ಟು. ವಾರದ ರಜೆಯಾದ ಶುಕ್ರವಾರ ಬೆಳಗ್ಗೆ ಅದು 20 ನಿಮಿಷದ ದಾರಿ. ಕೆಲಸದ ದಿನವಾದ ಭಾನುವಾರ ಬೆಳಗ್ಗೆ ಒಂದೂವರೆ ಗಂಟೆ ಹಿಡಿದದ್ದೂ ಉಂಟು.

ದುಬೈಯಲ್ಲಿ ಮೂರನೆಯ ಪರೀಕ್ಷೆಗೆ ಪಾಸಾಗಿ ಲೈಸನ್ಸ್ ಪಡೆದವ ನಾನು. ತಪ್ಪಿಗೆ ತಕ್ಕಂತೆ ಕಪ್ಪು ಅಂಕಗಳು ಬೀಳುವ, ಅವು 24 ಆದರೆ ಲೈಸನ್ಸ್ ಕೈಬಿಡುವ ಊರಿನ ಶಿಸ್ತು ಮೈಗೆ ಹತ್ತಿದವನನ್ನು ಕೈರೋದ ರಸ್ತೆಗೆ ಬಿಟ್ಟರೆ ಏನಾದೀತು ಎಂಬುದನ್ನು ತಾವೇ ಊಹಿಸಬಹುದು. ಮೊದಲ ಎರಡು ತಿಂಗಳು ನಾನು ಸ್ಟಿಯರಿಂಗ್ ಮುಟ್ಟಲಿಲ್ಲ. ಕಚೇರಿಯ ಚಾಲಕರ ಪಕ್ಕದಲ್ಲಿ ಕುಳಿತು ನೋಡಿದೆ. ಅಲ್ಲಿ ಚಾಲಕರನ್ನೂ ಕುಶಲಕರ್ಮಿಗಳನ್ನೂ ‘ಉಸ್ತಾ’ ಎಂದು ಕರೆಯುತ್ತಾರೆ. ನಮ್ಮ ಉಸ್ತಾ ಬಲು ನಿಧಾನಸ್ಥರು, ಆದರೆ ಕನ್ನಡಿಯನ್ನು ನೋಡುವ ಅಭ್ಯಾಸ ಅವರಿಗೆ ಇರಲಿಲ್ಲ. ಕೇಳಿದರೆ, ಹಿಂದೆ ಇರುವುದನ್ನು ನೋಡಿಕೊಳ್ಳುವುದು ಹಿಂದೆ ಇರುವವನ ಕೆಲಸ ಎಂದು ಉತ್ತರ ಕೊಟ್ಟರು. ಆ ಒಂದು ಮಾತು ತಿಳಿದರೆ ಕೈರೋದ ಚಾಲನೆಯ ಅರ್ಧ ಪಾಠ ಮುಗಿದಂತೆ. ಮೂಗಿನ ಮುಂದೆ ಯಾರ ಬಂಪರ್ ಒಂದು ಗೇಣು ಹೆಚ್ಚು ಚಾಚಿದೆಯೋ ದಾರಿ ಅವನದು. ಮೂರು ಸಾಲಿಗೆ ಗೆರೆ ಎಳೆದ ರಸ್ತೆಯಲ್ಲಿ ಐದು ಸಾಲು ವಾಹನಗಳಿರುತ್ತವೆ, ಮತ್ತು ಆ ಐದು ಸಾಲುಗಳೂ ಹಾವಿನಂತೆ ಹೊರಳುತ್ತಿರುತ್ತವೆ.

ಹಾರ್ನಿನ ಬಗೆಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ನಮ್ಮ ಲೈನ್ ಬಸ್ಸುಗಳಲ್ಲಿ ಒಂದು ಬೆಲ್ ಹೊಡೆದರೆ ನಿಲ್ಲು, ಡಬ್ಬಲ್ ಬೆಲ್ ಹೊಡೆದರೆ ಹೋಗು ಎಂಬಷ್ಟು ವ್ಯಾಕರಣ ಉಂಟಷ್ಟೆ. ಕೈರೋದ ಹಾರ್ನು ಅದಕ್ಕಿಂತ ಬಹಳ ಮುಂದೆ ಹೋಗಿದೆ. ಬದಿಯಲ್ಲಿ ಬರುತ್ತಿದ್ದೇನೆ ಎಂಬುದಕ್ಕೆ ಒಂದು ಸಣ್ಣ ಸದ್ದು, ದಾರಿ ಬಿಟ್ಟದ್ದಕ್ಕೆ ಉಪಕಾರ ಹೇಳಲು ಇನ್ನೊಂದು, ಮದುವೆಯ ದಿಬ್ಬಣಕ್ಕೆ ತಾಳಬದ್ಧವಾದ ಮತ್ತೊಂದು. ಮನೆಯವರ ಮುಂದೆ ಅರ್ಥ ಹೇಳಲಾಗದ ಬೈಗುಳಕ್ಕೂ ಒಂದು ಲಯ ಇದೆ. ಆ ಲಯವನ್ನು ಉಪಕಾರಸ್ಮರಣೆಯೆಂದು ತಿಳಿದು ನಾನು ಕೆಲವು ದಿನ ಎಲ್ಲರಿಗೂ ಬಾರಿಸಿಕೊಂಡು ಹೋದೆ. ಉಸ್ತಾ ನಗು ತಡೆಯಲಾಗದೆ ಕೊನೆಗೆ ತಿಳಿಸಿಕೊಟ್ಟರು.

ರಾತ್ರಿ ಹೊತ್ತು ಹೆಡ್‌ಲೈಟ್ ಆರಿಸಿ ಓಡಿಸುವವರು ಈಗಲೂ ಇದ್ದಾರೆ. ಬ್ಯಾಟರಿ ಉಳಿಯುತ್ತದೆ ಎಂದು ಕೆಲವರು, ಎದುರಿನವನ ಕಣ್ಣು ಕೋರೈಸಬಾರದು ಎಂದು ಕೆಲವರು ಕಾರಣ ಹೇಳುತ್ತಾರೆ. ಎದುರು ವಾಹನ ಹತ್ತಿರ ಬಂದಾಗ ಫಕ್ಕನೆ ಒಮ್ಮೆ ಬೆಳಗಿಸಿ ಮತ್ತೆ ಆರಿಸುತ್ತಾರೆ. ಇದಕ್ಕೆ ನಾನು ಯಾವ ಸಮರ್ಥನೆಯನ್ನೂ ಕೊಡಲಾರೆ. ಹಾಗೆಯೇ ‘ಮತಬ್ಬ್’ ಎಂದು ಕರೆಯುವ ರಸ್ತೆಯುಬ್ಬುಗಳು: ಅಂಗಡಿಯ ಮುಂದೆ, ಶಾಲೆಯ ಮುಂದೆ, ಏನೂ ಇಲ್ಲದ ಬಯಲಿನ ಮುಂದೆ, ಫಲಕವಾಗಲಿ ಬಣ್ಣವಾಗಲಿ ಇಲ್ಲದೆ ಮಲಗಿರುತ್ತವೆ.

ಇನ್ನು ಮೈಕ್ರೊಬಸ್ಸು. ನಮ್ಮ ಟೆಂಪೊ ಟ್ರಾವೆಲರಿಗಿಂತ ಸಣ್ಣ ವ್ಯಾನುಗಳು. ಬಾಗಿಲು ತೆರೆದೇ ಇರುತ್ತದೆ, ಪಯಣಿಗ ಹತ್ತುವಾಗಲೂ ಚಕ್ರ ಪೂರ್ತಿ ನಿಲ್ಲುವುದಿಲ್ಲ. ತಿರುವಿನಲ್ಲಿ ಅದು ಕಾಣಿಸಿಕೊಳ್ಳುವ ರೀತಿಯನ್ನು ನೋಡಿದರೆ ಯಕ್ಷಗಾನದ ಬಣ್ಣದ ವೇಷ ಆರ್ಭಟೆ ಕೊಟ್ಟು ರಂಗಕ್ಕೆ ಬಂದಂತೆ ಆಗುತ್ತದೆ. ಆದರೆ ಅದೇ ವ್ಯಾನಿನ ಒಳಗೆ ಕೊನೆಯ ಸೀಟಿನವನ ಹಣ ಕೈಯಿಂದ ಕೈಗೆ ದಾಟಿ ಚಾಲಕನನ್ನು ಸೇರಿ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಅಲ್ಲಿನ ಪೈಸೆಯಾದ ಪಿಯಾಸ್ತ್ರೆ ಒಂದೂ ನಡುವೆ ಕಾಣೆಯಾದದ್ದನ್ನು ನಾನು ಕಂಡಿಲ್ಲ. ರಸ್ತೆ ಬದಿಯಲ್ಲಿ ನಿಂತವರು ತಾವು ಹೋಗಬೇಕಾದ ಸ್ಥಳವನ್ನು ಕೈಸನ್ನೆಯಿಂದ ಕೇಳುತ್ತಾರೆ. ಗೀಜಾದ ಹರಮ್ ಕಡೆಗೆ ಹೋಗುವವರು ಎರಡು ಕೈಗಳ ಬೆರಳುಗಳನ್ನು ಜೋಡಿಸಿ ಪಿರಮಿಡ್ಡಿನ ಆಕಾರ ತೋರಿಸುವುದು ನೋಡಲು ಚಂದ.

ಕಾಲ್ನಡಿಗೆಯಲ್ಲಿ ರಸ್ತೆ ದಾಟುವುದನ್ನು ಕಲಿಯಲು ನನಗೆ ಸಹಾಯವಾದದ್ದು ನಮ್ಮ ತೋಟದ ತೋಡಿಗೆ ಹಾಕಿದ ಅಡಿಕೆಮರದ ಸಂಕ, ಅಂದರೆ ಕಾಲುಸೇತುವೆ. ಸಂಕದ ನಡುವೆ ನಿಂತರೆ ಕಾಲು ನಡುಗುತ್ತದೆ, ನೀರನ್ನು ನೋಡಿದರೆ ತಲೆ ತಿರುಗುತ್ತದೆ, ಓಡಿದರೆ ಸಂಕವೇ ಕುಣಿಯುತ್ತದೆ. ಒಂದೇ ಹದದ ಹೆಜ್ಜೆಯಲ್ಲಿ ನಡೆದರೆ ಮಾತ್ರ ಆಚೆ ಬದಿ ಸಿಗುತ್ತದೆ. ಕೈರೋದಲ್ಲಿಯೂ ಹಾಗೆಯೇ. ವಾಹನಗಳು ನಿಲ್ಲುವುದಿಲ್ಲ, ಆದರೆ ನಿಮ್ಮ ಹೆಜ್ಜೆಯ ಹದವನ್ನು ಅಳೆದು ಹಿಂದಿನಿಂದಲೋ ಮುಂದಿನಿಂದಲೋ ಬಳಸಿಕೊಂಡು ಹೋಗುತ್ತವೆ. ಐದು ಬೆರಳುಗಳ ತುದಿಯನ್ನು ಮೇಲ್ಮುಖವಾಗಿ ಒಟ್ಟುಗೂಡಿಸಿ ಮೆಲ್ಲನೆ ಕುಲುಕಿಸಿದರೆ ‘ಸ್ವಲ್ಪ ತಾಳು’ ಎಂದು ಅರ್ಥ. ಹೆಚ್ಚಿನವರು ತಾಳುತ್ತಾರೆ.

ಇಷ್ಟನ್ನು ಕಂಡ ಮೇಲೆ, ಹೊರಗಿನವನಿಗೆ ಗೊಂದಲವೆಂದು ತೋರುವುದರ ಒಳಗೆ ಒಂದು ವ್ಯವಸ್ಥೆ ಇದೆ, ಅದು ನಿಯಮದ ಪುಸ್ತಕದಲ್ಲಿ ಇರುವುದಲ್ಲ, ಕಣ್ಣು ಮತ್ತು ಕೈಗಳ ನಡುವಿನ ಚೌಕಾಸಿಯಲ್ಲಿ ಇರುವಂಥದು ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ. ತಮ್ಮೆಲ್ಲರ ಅನುಭವವೇನು?

ಪೆರ್ಲದ ಚಾಲಕ ಬರೆದದ್ದು:

ನೀರ್ಚಾಲಿನ ಭಾವ, ಬರಹ ಬಹಳ ಸಂತೋಷ ಕೊಟ್ಟಿತು. ಪೆರ್ಲ – ಬದಿಯಡ್ಕ – ಕಾಸರಗೋಡು ಲೈನಿನಲ್ಲಿ ಒಂಬತ್ತು ವರ್ಷ ಬಸ್ಸು ಓಡಿಸಿ, ಅನಂತರ ಜಿದ್ದಾದಲ್ಲಿ ಏಳು ವರ್ಷ ಟ್ರೇಲರ್ ಓಡಿಸಿದವ ನಾನು. ಒಂದು ಸಣ್ಣ ವಿಷಯವನ್ನು ತಾವು ಬರೆಯಲಿಲ್ಲ, ಬಹುಶಃ ದುಬೈಯಲ್ಲಿಯೇ ಪಳಗಿದ ಕಾರಣ ಮರೆತಿರಬೇಕು. ಬಲಬದಿಯಲ್ಲಿ ಓಡಿಸುವ ದೇಶಕ್ಕೆ ನಮ್ಮವ ಹೋದರೆ ಮೊದಲ ವಾರ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಾನೆ, ಏಕೆಂದರೆ ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಸ್ಟಿಯರಿಂಗಿನ ಬಲಕ್ಕೆ ಇರುತ್ತದೆ, ಅಲ್ಲಿ ಎಡಕ್ಕೆ. ಜಿದ್ದಾದಲ್ಲಿ ಮಳೆಯಿಲ್ಲದ ತಿಂಗಳಲ್ಲಿ ವೈಪರ್ ಆಡಿಸಿಕೊಂಡು ತಿರುಗುವ ಗಾಡಿ ಕಂಡರೆ ಹೊಸಬ ಮಲಯಾಳಿಯೋ ಮಂಗಳೂರಿನವನೋ ಎಂದು ನಾವು ನಗುತ್ತಿದ್ದೆವು.

ಜಿದ್ದಾದ ರಸ್ತೆಯೂ ಸಾಧುವಲ್ಲ. 2010ರಲ್ಲಿ ಸಾಹೆರ್ ಎಂಬ ಕ್ಯಾಮರಾ ವ್ಯವಸ್ಥೆ ಬಂದ ಮೇಲೆ ಕ್ಯಾಮರಾ ಇರುವ ಕಡೆ ನಿಧಾನ, ಕ್ಯಾಮರಾ ದಾಟಿದ ಕೂಡಲೇ ವೇಗ ಎಂಬ ಹೊಸ ಕಸುಬನ್ನು ಜನ ಕಲಿತರು. ನಮ್ಮಲ್ಲಿ ಬೇರೆ ಏನಾಗಿದೆ? 2023ರ ಜೂನ್ 5ರಿಂದ ಕೇರಳದಲ್ಲಿ 726 ಕ್ಯಾಮರಾಗಳ ವ್ಯವಸ್ಥೆ ದಂಡ ಬರೆಯಲು ಆರಂಭಿಸಿತು. ಹಿಂಬದಿ ಸವಾರನ ಹೆಲ್ಮೆಟ್ ಮಂಜೇಶ್ವರದವರೆಗೆ ತಲೆಯ ಮೇಲೆ ಇದ್ದು ಕರ್ನಾಟಕದ ಗಡಿಯಾದ ತಲಪಾಡಿ ದಾಟಿದ ಮೇಲೆ ತೊಡೆಯ ಮೇಲೆ ಬಂದು ಕೂರುವುದನ್ನು ನಾನು ದಿನವೂ ನೋಡುತ್ತೇನೆ.

ಆದರೂ ತಮ್ಮ ಉಸ್ತಾ ಹೇಳಿದ ಕನ್ನಡಿಯ ಮಾತನ್ನು ನಾನು ಒಪ್ಪಲಾರೆ. ದೊಡ್ಡ ಗಾಡಿಯವನಿಗೆ ಕನ್ನಡಿಯೇ ಕಣ್ಣು. ಬಸ್ಸಿನ ಎಡಬದಿಗೆ ಒತ್ತಿಕೊಂಡು ಬಂದ ಸ್ಕೂಟರಿನವಳು ಎರಡು ಹೆಜ್ಜೆಯ ಅಂತರದಲ್ಲಿ ಕನ್ನಡಿಗೂ ಕಾಣುವುದಿಲ್ಲ, ಕಿಟಕಿಗೂ ಕಾಣುವುದಿಲ್ಲ. ಹಿಂದಿನದು ಹಿಂದಿನವನ ಕೆಲಸ ಎಂದು ನಾನು ಓಡಿಸಿದ್ದರೆ ಬದಿಯಡ್ಕ ಪೇಟೆಯಲ್ಲಿ ಎಷ್ಟು ಮನೆಯವರ ಕಣ್ಣೀರಿಗೆ ಕಾರಣನಾಗುತ್ತಿದ್ದೆನೋ.

ಬದಿಯಡ್ಕದ ಮಾಷ್ಟ್ರು ಬರೆದದ್ದು:

ನೀರ್ಚಾಲಿನವರ ಶೈಲಿ ಸೊಗಸಾಗಿದೆ. ಸಂಕದ ಹೋಲಿಕೆಯನ್ನು ಓದಿದಾಗ ನನ್ನ ಬಾಲ್ಯದ ಮಳೆಗಾಲ ಕಣ್ಣ ಮುಂದೆ ಬಂತು. ಆದರೆ ಅವರ ಕೊನೆಯ ಅಭಿಪ್ರಾಯಕ್ಕೆ ನನ್ನ ವಿರೋಧವಿದೆ, ಅದನ್ನು ನೇರವಾಗಿಯೇ ಬರೆಯುತ್ತೇನೆ.

ಗೊಂದಲದ ಒಳಗೆ ವ್ಯವಸ್ಥೆ ಇದೆ ಎಂಬ ಮಾತನ್ನು ಹೇಳುವವರು ಯಾವಾಗಲೂ ಆಚೆ ದಡ ಮುಟ್ಟಿದವರು. ಸಂಕದಿಂದ ಬಿದ್ದವರು ಸಂಕದ ಸೊಬಗನ್ನು ವರ್ಣಿಸುವುದಿಲ್ಲ. ವಿಶ್ವ ಬ್ಯಾಂಕ್ 2010ರ ಸುಮಾರಿಗೆ ಕೈರೋದ ಸಂಚಾರ ದಟ್ಟಣೆಯನ್ನು ಕುರಿತು ವಿಸ್ತಾರವಾದ ಅಧ್ಯಯನ ನಡೆಸಿತ್ತು. ಆ ನಗರದಲ್ಲಿ ವರ್ಷಕ್ಕೆ ಕನಿಷ್ಠ 1,000 ಮಂದಿ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಲ್ನಡಿಗೆಯವರು ಎಂಬುದು ಅದರ ಲೆಕ್ಕ. ಬೆರಳುಗಳನ್ನು ಒಟ್ಟುಗೂಡಿಸಿ ‘ಸ್ವಲ್ಪ ತಾಳು’ ಎಂದವರು ಆ ಐನೂರು ಮಂದಿಯಲ್ಲಿಯೂ ಇದ್ದಿರಲೇಬೇಕು.

ಚೌಕಾಸಿ ಎಂದರೆ ಎರಡೂ ಕಡೆಯವರಲ್ಲಿ ಸ್ವಲ್ಪವಾದರೂ ಬಲ ಇರಬೇಕು. ಮೀನು ಮಾರುವವಳೊಡನೆ ನಾವು ಚೌಕಾಸಿ ಮಾಡಬಹುದು, ಬೇಡವಾದರೆ ಬುಟ್ಟಿ ಎತ್ತಿಕೊಂಡು ಅವಳು ಹೋಗಬಹುದು. ಒಂದು ಟನ್ನಿಗಿಂತ ಹೆಚ್ಚು ತೂಕದ ಕಾರಿನೊಡನೆ ಎಪ್ಪತ್ತು ದಾಟಿದ ನಾನು ಯಾವ ಬಲದಿಂದ ಚೌಕಾಸಿ ಮಾಡಲಿ? ಕಣ್ಣು ಮಂಜಾದವನು, ಕಿವಿ ಕೇಳದವನು, ಏಳು ವರ್ಷದ ಮಗು, ಊರಿಗೆ ಹೊಸಬ ಇವರೆಲ್ಲ ಆ ಕಣ್ಣು ಕೈಗಳ ಮಾತುಕತೆಯಿಂದ ಹೊರಗೇ ಉಳಿಯುತ್ತಾರೆ. ಬರೆದಿಟ್ಟ ನಿಯಮದ ಪ್ರಯೋಜನ ಇರುವುದೇ ಅಲ್ಲಿ: ಎದುರಿನವನ ಮುಖ ನೋಡದೆಯೂ ಅವನು ಏನು ಮಾಡುತ್ತಾನೆಂದು ತಿಳಿದಿರುತ್ತದೆ.

ಈಜಿಪ್ಟನ್ನು ಹಳಿಯುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರಕಾರವೇ ಪ್ರಕಟಿಸಿದೆ. ಕೇರಳದ ಪಾಲು ಅದರಲ್ಲಿ 4,317. ಆದ್ದರಿಂದ ಪ್ರಶ್ನೆ ಕೈರೋಗೆ ಮಾತ್ರ ಸೇರಿದ್ದಲ್ಲ.

ಕುಂಬಳೆ ಕಡಲು ಬರೆದದ್ದು:

ಮಾಷ್ಟ್ರೇ, ತಾವು ಹೇಳಿದ್ದು ಸರಿ. ಆದರೂ ಬೈಗುಳದ ಹಾರ್ನು ಬಾರಿಸಿಕೊಂಡು ಹೋದ ಭಾಗವನ್ನು ನಾನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಲ್ಲಿ ನಮ್ಮ ಬಜಾಜ್ ರಿಕ್ಷಾಗಳು ಓಡುತ್ತವೆ ಎಂದು ಕೇಳಿದ್ದೇನೆ, ನಿಜವೇ?

ನೀರ್ಚಾಲಿನವ ಬರೆದದ್ದು:

ರಿಕ್ಷಾದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಜ, ಅವನ್ನು ‘ತೊಕ್‌ತೊಕ್’ ಎನ್ನುತ್ತಾರೆ. ನಗರದ ದೊಡ್ಡ ರಸ್ತೆಗಳಲ್ಲಿ ಅವುಗಳಿಗೆ ಅವಕಾಶವಿಲ್ಲ. ಕಾರು ನುಗ್ಗದ ಓಣಿಗಳಲ್ಲಿ ಅವುಗಳದೇ ರಾಜ್ಯ. ಹೊಸ ರಿಕ್ಷಾಗಳು ಹೆಚ್ಚಬಾರದೆಂದು 2021ರ ಕೊನೆಯಲ್ಲಿ ಅವುಗಳ ಮುಖ್ಯ ಬಿಡಿಭಾಗಗಳ ಆಮದನ್ನು ಸರಕಾರ ನಿಲ್ಲಿಸಿತು. ಹದಿಮೂರು ಹದಿನಾಲ್ಕರ ಹುಡುಗರು ಅವನ್ನು ಓಡಿಸುವುದನ್ನು ಕಂಡಾಗ ಊರಿನ ನೆನಪಿನ ಜೊತೆಗೆ ಹೆದರಿಕೆಯೂ ಆಗುತ್ತದೆ.

ಮಾಷ್ಟ್ರ ಮಾತಿಗೆ ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು. ಮೊದಲ ಬರಹದಲ್ಲಿ ನಾನು ಬಿಟ್ಟ ಒಂದು ಘಟನೆಯನ್ನು ಈಗ ಬರೆಯದಿದ್ದರೆ ಅದು ಅಪ್ರಾಮಾಣಿಕತೆಯಾಗುತ್ತದೆ.

ನಾನು ಸ್ವತಃ ಕಾರು ಓಡಿಸತೊಡಗಿದ ಮೂರನೆಯ ವಾರ. ನೈಲ್ ನದಿಯ ಬದಿಯಲ್ಲಿ ಸಾಗುವ ಕೊರ್ನಿಶ್ ರಸ್ತೆ, ಸಂಜೆಯ ಹೊತ್ತು. ಊರುಗೋಲು ಹಿಡಿದ ವೃದ್ಧರೊಬ್ಬರು ಒಂದು ಕೈಯಲ್ಲಿ ಔಷಧದ ಚೀಲ ಹಿಡಿದು ರಸ್ತೆಯಂಚಿನಲ್ಲಿ ನಿಂತಿದ್ದರು. ದುಬೈಯಲ್ಲಿ ಕಲಿತಂತೆ ನಾನು ಪೂರ್ತಿ ನಿಲ್ಲಿಸಿ, ದಾಟಿ ಎಂದು ಕೈ ಬೀಸಿದೆ. ಅವರು ನನ್ನನ್ನು ನಂಬಿ ಇಳಿದರು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಅವನ ಹಿಂದೆ ಬರುತ್ತಿದ್ದ ಮೈಕ್ರೊಬಸ್ಸಿಗೆ ನನ್ನ ಕಾರಿನ ಮುಂದೆ ಮನುಷ್ಯ ಇರುವುದು ಕಾಣುವಂತಿರಲಿಲ್ಲ. ಅದು ನನ್ನ ಎಡಬದಿಯಿಂದ ನುಗ್ಗಿ ಬಂತು. ಬ್ರೇಕಿನ ಸದ್ದು ನಿಂತಾಗ ವ್ಯಾನಿಗೂ ಆ ಹಿರಿಯರಿಗೂ ನಡುವೆ ಒಂದು ಮೊಳ ಉಳಿದಿತ್ತು. ಔಷಧದ ಸೀಸೆ ಒಡೆದಿತ್ತು. ವ್ಯಾನಿನ ಚಾಲಕ ಇಳಿದು ಬಂದು ಮೊದಲು ಅವರನ್ನು ಅಪ್ಪಿ ಹಣೆಗೆ ಮುತ್ತಿಟ್ಟ, ಅನಂತರ ನನ್ನ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದ. ಅಷ್ಟು ಹೊತ್ತಿಗೆ ನಾಲ್ಕೈದು ಮಂದಿ ಸೇರಿದ್ದರು. ಒಬ್ಬ ಪ್ಲಾಸ್ಟಿಕ್ ಕುರ್ಚಿ ತಂದ, ಒಬ್ಬ ನೀರು ಕೊಟ್ಟ, ಒಬ್ಬ ಒಡೆದ ಸೀಸೆಯ ಚೂರನ್ನು ಹಿಡಿದುಕೊಂಡು ಔಷಧದಂಗಡಿಗೆ ಓಡಿದ.

ಅಂದು ರಾತ್ರಿ ನಾನು ಬೈಗುಳವನ್ನು ನೆನೆದು ನೊಂದುಕೊಂಡಿದ್ದೆ. ಈಗ ಯೋಚಿಸಿದರೆ ತಪ್ಪು ನನ್ನದೂ ಹೌದು. ನಾನು ನಿಲ್ಲಿಸದೆ ವೇಗ ಇಳಿಸಿದ್ದರೆ ಅವರು ತಮ್ಮದೇ ಲೆಕ್ಕಾಚಾರದಲ್ಲಿ, ನಾಲ್ಕು ದಿಕ್ಕಿಗೂ ನೋಡಿಕೊಂಡು ದಾಟುತ್ತಿದ್ದರೇನೋ. ನಾನು ಕೊಟ್ಟ ಭರವಸೆಯನ್ನು ಪಾಲಿಸಬೇಕಾದವರು ನನ್ನ ಹಿಂದಿನವರು, ಅವರಿಗೆ ಆ ಭಾಷೆ ಗೊತ್ತಿರಲಿಲ್ಲ. ಮಾಷ್ಟ್ರು ಹೇಳಿದ ಹಾಗೆ, ಚೌಕಾಸಿಯಲ್ಲಿ ಸೋತಾಗ ಬೆಲೆ ತೆರುವವರು ನಾವು ಕಾರಿನೊಳಗೆ ಇರುವವರಲ್ಲ.

ಇನ್ನೂ ಒಂದು ವಿಷಯ. ಕಳೆದ ರಜೆಯಲ್ಲಿ ಊರಿಗೆ ಬಂದಾಗ ಅಪ್ಪನನ್ನು ಕೂರಿಸಿಕೊಂಡು ಕಾಸರಗೋಡಿಗೆ ಹೊರಟಿದ್ದೆ. ವಿದ್ಯಾನಗರದಲ್ಲಿ ಸರಕಾರಿ ಕಚೇರಿಗೆ ಹೋಗುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ರಸ್ತೆಗೆ ಕಾಲಿಟ್ಟದ್ದನ್ನು ಕಂಡು ನಾನು ಬ್ರೇಕಿನ ಮೇಲೆ ಕಾಲಿಡದೆ ಎರಡು ಸಣ್ಣ ಹಾರ್ನ್ ಬಾರಿಸಿ ಅವರನ್ನು ಬಳಸಿಕೊಂಡು ಹೋದೆ. ಕೈರೋದಲ್ಲಿ ಅದು ಸಭ್ಯತೆ. ನಮ್ಮ ಅಜ್ಜಿ ಬೆದರಿ ಹಿಂದಕ್ಕೆ ಹಾರಿದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಅಣಂಗೂರು ದಾಟಿದ ಮೇಲೆ, ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತೇ ಎಂದು ಕೇಳಿದರು.

ಪೆರ್ಲದ ಚಾಲಕ ಬರೆದದ್ದು:

ಭಾವ, ತಾವು ಬರೆದ ಕೊರ್ನಿಶ್ ಘಟನೆ ನಮ್ಮ ಕಸುಬಿನಲ್ಲಿ ಹಳೆಯ ಗಂಡಾಂತರ. ಒಂದಕ್ಕಿಂತ ಹೆಚ್ಚು ಸಾಲು ಇರುವ ರಸ್ತೆಯಲ್ಲಿ ಒಬ್ಬ ನಿಲ್ಲಿಸಿದರೆ ಅವನ ಗಾಡಿಯೇ ಮರೆಯಾಗಿ ಪಕ್ಕದ ಸಾಲಿನವನಿಗೆ ನಡೆಯುವವನು ಕಾಣುವುದಿಲ್ಲ. ಹಳೆಯ ಚಾಲಕರು ನಮಗೆ ಹೇಳಿಕೊಟ್ಟದ್ದು ಹೀಗೆ: ಯಾರನ್ನಾದರೂ ದಾಟಿಸಬೇಕಿದ್ದರೆ ಮೊದಲು ಕನ್ನಡಿ ನೋಡು, ಕಿಟಕಿಯಿಂದ ಕೈ ಹೊರಗೆ ಹಾಕಿ ಅಂಗೈ ಕೆಳಗೆ ಮಾಡಿ ಹಿಂದಿನವನಿಗೆ ತೋರಿಸು, ಅವನು ನಿಧಾನಿಸಿದ ಮೇಲೆ ನೀನು ನಿಲ್ಲು, ನಿಂತ ಮೇಲೆಯೂ ನಡೆಯುವವನಿಗೆ ‘ಬಾ’ ಎಂದು ಕೈ ಬೀಸಬೇಡ. ಬೀಸಿದರೆ ಅವನು ನಿನ್ನ ಮುಖ ನೋಡುತ್ತಾನೆ, ರಸ್ತೆಯನ್ನು ನೋಡುವುದಿಲ್ಲ. ಈಗ ಎಲ್ಲರಿಗೂ ಎ.ಸಿ. ಬೇಕು, ಗಾಜು ಏರಿಸಿಕೊಂಡು ಓಡಿಸುವವರು ಕೈ ಹೊರಗೆ ಹಾಕುವುದೆಲ್ಲಿ? ಲೈಸನ್ಸಿನ ಪರೀಕ್ಷೆಯಲ್ಲಿ ಕಾರಿಗೆ ‘ಎಚ್’, ಬೈಕಿಗೆ ‘ಎಂಟು’ ಹಾಕಿಸುತ್ತಾರೆ. ಕಂಬಕ್ಕೆ ತಾಗದಂತೆ ಹಿಂದೆ ಸರಿಯುವುದನ್ನು ಎಲ್ಲರೂ ಕಲಿಯುತ್ತಾರೆ. ಈ ಕೈಸನ್ನೆಯನ್ನು ಕಲಿಸುವವರು ಕಡಿಮೆ.

ಉಪ್ಪಳದ ನರ್ಸ್ ಬರೆದದ್ದು:

ಎಲ್ಲರ ಬರಹಗಳನ್ನೂ ಓದಿದೆ. ನಾನು ರಿಯಾದಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಹನ್ನೊಂದು ವರ್ಷ ಇದ್ದೆ. ಮಾಷ್ಟ್ರು ನಿಯಮದ ಬಗೆಗೆ ಹೇಳಿದ್ದನ್ನು ಒಪ್ಪಿಕೊಂಡೇ ಒಂದು ಮಾತನ್ನು ಸೇರಿಸುತ್ತೇನೆ. ನಮ್ಮ ವಿಭಾಗಕ್ಕೆ ಬರುತ್ತಿದ್ದ ಅತಿ ಕೆಟ್ಟ ಗಾಯಗಳು ಗೊಂದಲದ ಪೇಟೆಯಿಂದ ಬಂದವಲ್ಲ. ಗೆರೆ ನೇರವಾಗಿದ್ದ, ದೀಪ ಉರಿಯುತ್ತಿದ್ದ, ರಾತ್ರಿ ಎರಡು ಗಂಟೆಗೆ ಖಾಲಿಯಾಗಿದ್ದ ಅಗಲ ರಸ್ತೆಗಳಿಂದ ಬಂದವು. ಪೇಟೆಯ ಇಕ್ಕಟ್ಟಿನಲ್ಲಿ ಕೈಕಾಲು ಮುರಿಯುತ್ತದೆ, ಹೆದ್ದಾರಿಯಲ್ಲಿ ಮನುಷ್ಯನೇ ಉಳಿಯುವುದಿಲ್ಲ. ನಡೆಯುವವನಿಗೆ ಕಾರು ಬಡಿದಾಗ ವೇಗ ಗಂಟೆಗೆ 50 ಕಿ.ಮೀ.ಯಿಂದ 65ಕ್ಕೆ ಏರಿದರೆ ಸಾವಿನ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇವಲ 15 ಕಿ.ಮೀ.ಯ ವ್ಯತ್ಯಾಸ, ಚಾಲಕನ ಪಾದಕ್ಕೆ ಅದು ತಿಳಿಯುವುದೂ ಇಲ್ಲ.

ನೀರ್ಚಾಲಿನ ತಮ್ಮಾ, ಕೈರೋದಲ್ಲಿ ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವ ಮೊದಲಿನ ಅರ್ಧ ಗಂಟೆ ಹೇಗಿರುತ್ತದೆ? ರಿಯಾದಿನಲ್ಲಿ ಆ ಹೊತ್ತಿಗೆ ನಮ್ಮ ಪಾಳಿಯವರು ಕೈತೊಳೆದು ಸಿದ್ಧರಾಗಿ ನಿಲ್ಲುತ್ತಿದ್ದೆವು.

ನೀರ್ಚಾಲಿನವ ಬರೆದದ್ದು:

ಅಕ್ಕಾ, ಇಲ್ಲಿಯೂ ಅದೇ. ಮಗ್ರಿಬ್ ಬಾಂಗಿಗೆ ಮೊದಲಿನ ಅರ್ಧ ಗಂಟೆ ಎಲ್ಲರೂ ಮನೆ ಸೇರುವ ಅವಸರದಲ್ಲಿ ಅಕ್ಟೋಬರ್ 6 ಸೇತುವೆಯ ಮೇಲೆ ಒಬ್ಬರ ಮೇಲೆ ಒಬ್ಬರು ಬೀಳುತ್ತಾರೆ. 1973ರ ಯುದ್ಧದ ನೆನಪಿಗೆ ಹೆಸರಿಟ್ಟ ಆ ಮೇಲ್ಸೇತುವೆ ಸುಮಾರು 20 ಕಿ.ಮೀ. ಉದ್ದ, 1969ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1996ರಲ್ಲಿ. ನಮ್ಮ ಹೆದ್ದಾರಿ ಕಾಮಗಾರಿ ತಡವಾಯಿತೆಂದು ದೂರುವವರು ಇದನ್ನು ಗಮನಿಸಬಹುದು. ಬಾಂಗು ಕೇಳಿದ ಕ್ಷಣ ಅದೇ ರಸ್ತೆ ಬರಿದಾಗುತ್ತದೆ. ತಲಪಲಾಗದೆ ದಾರಿಯಲ್ಲಿಯೇ ಉಳಿದವರಿಗೆ ಯುವಕರು ಗಾಡಿಗಳ ನಡುವೆ ನಿಂತು ಖರ್ಜೂರ, ಪಾನಕ ಹಂಚುತ್ತಾರೆ. ನನ್ನ ಕಿಟಕಿಗೂ ಒಮ್ಮೆ ‘ತಮರ್ ಹಿಂದಿ’ ಬಂತು, ಹಿಂದೂಸ್ಥಾನದ ಖರ್ಜೂರ ಎಂದು ಅದರ ಅರ್ಥ. ಕುಡಿದು ನೋಡಿದರೆ ಅದು ನಮ್ಮ ಹುಣಸೆಹುಳಿಯ ಪಾನಕ.

ಮೊಗ್ರಾಲಿನ ವ್ಯಾಪಾರಿ ಬರೆದದ್ದು:

ನಾನು ವಿದೇಶ ಕಂಡವನಲ್ಲ. ಹೆದ್ದಾರಿಯ ಬದಿಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡು ಹೋಗುವ ಬರುವ ಗಾಡಿ ಲೆಕ್ಕ ಹಾಕಿದವ. ಮಾಷ್ಟ್ರು ನಿಯಮ ಬೇಕೆನ್ನುತ್ತಾರೆ, ನರ್ಸಕ್ಕ ವೇಗದ ಬಗೆಗೆ ಬರೆದರು. ಎರಡೂ ನಮ್ಮ ಮನೆ ಬಾಗಿಲಿಗೇ ಬಂದಿವೆ ಎಂಬುದನ್ನು ಯಾರೂ ಬರೆಯಲಿಲ್ಲ.

ರಾಷ್ಟ್ರೀಯ ಹೆದ್ದಾರಿ 66 ಆರು ಸಾಲು ಆದ ಮೇಲೆ ಗೆರೆ, ಫಲಕ, ದೀಪ, ನಡುಗೋಡೆ ಎಲ್ಲವೂ ಇವೆ. ಮೊದಲು ಎರಡು ಸಾಲಿನ ರಸ್ತೆ ಇದ್ದಾಗ ಬಸ್ಸುಗಳು ಒಂದನ್ನೊಂದು ಹಿಂದಿಕ್ಕುವ ಓಟ ನೋಡಿ ನಾವು ಬೈಯುತ್ತಿದ್ದೆವು. ಆದರೆ ಮೀನಿನ ಬುಟ್ಟಿ ಹೊತ್ತ ಮುದುಕಿ ಕೈ ಅಡ್ಡ ಹಿಡಿದರೆ ಬಸ್ಸಾದರೂ ನಿಲ್ಲುತ್ತಿತ್ತು, ಲಾರಿಯಾದರೂ ನಿಲ್ಲುತ್ತಿತ್ತು. ಈಗ ಅವಳಿಗೆ ಅಡ್ಡ ಹಿಡಿಯಲು ರಸ್ತೆಯೇ ಇಲ್ಲ, ಗೋಡೆ ಇದೆ. ಎದುರು ಬದಿಯ ಅಂಗಡಿ ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಹೋಗಬೇಕಿದ್ದರೆ ಅಂಡರ್‌ಪಾಸ್ ಇರುವಲ್ಲಿಗೆ ನಡೆದು, ದಾಟಿ, ಮತ್ತೆ ಅಷ್ಟೇ ದೂರ ಹಿಂದೆ ಬರಬೇಕು. ಅಂಡರ್‌ಪಾಸ್ ಬೇಕೆಂದು ನಮ್ಮ ಜಿಲ್ಲೆಯ ಎಷ್ಟು ಊರಿನವರು ಧರಣಿ ಕೂತರು ಎಂಬುದು ತಮಗೆಲ್ಲ ಗೊತ್ತಿದೆ. ನಡೆಯಲಾರದವರು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿಗೆ ಸ್ಕೂಟರ್ ಓಡಿಸುತ್ತಾರೆ. ಆಗ ಅವರಿಗೆ ದಂಡ.

ಕೈರೋದಲ್ಲಿ ಬೆರಳು ಕುಲುಕಿಸಿದರೆ ತಾಳುವ ಒಬ್ಬ ಚಾಲಕನಾದರೂ ಇದ್ದಾನೆ. ಗೋಡೆಗೆ ಯಾವ ಬೆರಳು ತೋರಿಸುವುದು?

ಬದಿಯಡ್ಕದ ಮಾಷ್ಟ್ರು ಬರೆದದ್ದು:

ಮೊಗ್ರಾಲಿನವರ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ನಿಯಮ ಬೇಕೆಂದು ನಾನು ಬರೆದಾಗ ನಡೆಯುವವನನ್ನು ಕಾಪಾಡುವ ನಿಯಮ ನನ್ನ ಮನಸ್ಸಿನಲ್ಲಿತ್ತು. ವಾಹನಕ್ಕೆ ಅಡ್ಡಿಯಾಗದಂತೆ ನಡೆಯುವವನನ್ನೇ ಹೊರಗಿಡುವ ವ್ಯವಸ್ಥೆಯನ್ನೂ ನಿಯಮವೆಂದೇ ಕರೆಯುತ್ತಾರೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೂ ಒಂದು ತಿದ್ದುಪಡಿ: ಮುದುಕಿಗಾಗಿ ಲಾರಿ ನಿಲ್ಲುತ್ತಿದ್ದ ಕಾಲದಲ್ಲಿಯೂ ಆ ಹಳೆಯ ರಸ್ತೆಯಲ್ಲಿ ನನ್ನ ಇಬ್ಬರು ಶಿಷ್ಯರನ್ನು ಕಳೆದುಕೊಂಡಿದ್ದೇನೆ. ಹಳೆಯದನ್ನು ನೆನೆಯುವಾಗ ಅವರನ್ನು ಬಿಟ್ಟು ನೆನೆಯಲು ನನಗೆ ಆಗುವುದಿಲ್ಲ.

ಕುಂಬಳೆಯ ಸೊಸೆ ಬರೆದದ್ದು:

ದೊಡ್ಡವರ ಚರ್ಚೆಯ ನಡುವೆ ನನ್ನ ಸ್ವಂತ ಪ್ರಶ್ನೆಗಾಗಿ ಕ್ಷಮೆ ಇರಲಿ. ನನ್ನ ಯಜಮಾನರಿಗೆ ಕೈರೋದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ನಾನೂ ಅತ್ತೆಯವರೂ ಎರಡು ತಿಂಗಳ ಮಟ್ಟಿಗೆ ಹೊರಡುತ್ತಿದ್ದೇವೆ. ಅತ್ತೆಯವರಿಗೆ 68 ವರ್ಷ, ಒಂದು ಮೊಣಕಾಲು ನೋವು. ಈ ಬರಹಗಳನ್ನು ಓದಿ ಹೇಳಿದ ಮೇಲೆ ಅವರು ಮನೆಯಿಂದ ಹೊರಗೆ ಕಾಲಿಡುವುದಿಲ್ಲ ಎನ್ನುತ್ತಿದ್ದಾರೆ. ನಮ್ಮ ಮನೆಯೂ ಮಾದಿಯಲ್ಲಿಯೇ. ಏನು ಮಾಡಬಹುದು, ಅಣ್ಣಾ?

ನೀರ್ಚಾಲಿನವ ಬರೆದದ್ದು:

ತಂಗೀ, ಅಷ್ಟು ಹೆದರಬೇಕಾಗಿಲ್ಲ. ನನ್ನ ಬರಹ ಅಷ್ಟು ಹೆದರಿಸಿದ್ದಕ್ಕೆ ಅತ್ತೆಯವರಲ್ಲಿ ಕ್ಷಮೆ ಕೇಳಿದ್ದೇನೆಂದು ಹೇಳಿ. ಮಾದಿಯ ಒಳರಸ್ತೆಗಳಲ್ಲಿ ಮರಗಳ ನೆರಳಿದೆ, ವಾಹನ ಕಡಿಮೆ. ದೊಡ್ಡ ಪೇಟೆಗೆ ಹೋಗಬೇಕಿದ್ದರೆ ಟ್ಯಾಕ್ಸಿಗಿಂತ ಮೆಟ್ರೋ ವಾಸಿ. 1987ರಲ್ಲಿ ಆರಂಭವಾದ, ಆಫ್ರಿಕಾ ಖಂಡದ ಮೊದಲ ಮೆಟ್ರೋ ಅದು. ಮೊದಲ ಮಾರ್ಗವೇ ಮಾದಿಯನ್ನು ಹಾದು ಹೋಗುತ್ತದೆ. ರೈಲಿನ ನಡುಭಾಗದ ಡಬ್ಬಿಗಳು ಹೆಂಗಸರಿಗೆ ಮೀಸಲು, ವಯಸ್ಸಾದವರನ್ನು ಕಂಡರೆ ಎದ್ದು ಜಾಗ ಕೊಡುತ್ತಾರೆ. ತಹ್ರೀರ್ ಚೌಕಕ್ಕೆ ಸಾದಾತ್ ನಿಲ್ದಾಣದಲ್ಲಿ ಇಳಿಯಬೇಕು. ಆ ನಿಲ್ದಾಣದ ನೆಲದಡಿಯ ದಾರಿಗಳು ಚೌಕದ ಬೇರೆ ಬೇರೆ ಬದಿಗಳಿಗೆ ತೆರೆಯುವುದರಿಂದ ಮೇಲೆ ರಸ್ತೆ ದಾಟದೆಯೇ ಆಚೆಗೆ ಹೋಗಬಹುದು. ಮೆಟ್ಟಿಲು ಮಾತ್ರ ಹೆಚ್ಚು, ಮೊಣಕಾಲಿಗೆ ಅವಸರ ಬೇಡ.

ಒಂದು ಅಭ್ಯಾಸವನ್ನು ಹೊರಡುವ ಮೊದಲೇ ಮಾಡಿಸಿ. ಊರಿನಲ್ಲಿ ರಸ್ತೆಗಿಳಿಯುವಾಗ ನಮ್ಮ ಕತ್ತು ತಾನಾಗಿ ಬಲಕ್ಕೆ ಹೊರಳುತ್ತದೆ; ಕೈರೋದಲ್ಲಿ ಗಾಡಿ ಮೊದಲು ಬರುವುದು ಎಡದಿಂದ. ಅರವತ್ತೆಂಟು ವರ್ಷದ ಅಭ್ಯಾಸ ವಿಮಾನ ಇಳಿದ ದಿನ ಬದಲಾಗುವುದಿಲ್ಲ. ಮನೆಯ ಅಂಗಳದಲ್ಲಿಯಾದರೂ ಸರಿ, ಎಡಕ್ಕೆ ನೋಡಿ ಹೆಜ್ಜೆ ಇಡುವುದನ್ನು ಎರಡು ವಾರ ರೂಢಿಸಿಕೊಳ್ಳಲಿ.

ಮೊದಲ ಸಲ ಕೊರ್ನಿಶ್ ದಾಟಿ ನದಿ ನೋಡಲು ಶುಕ್ರವಾರ ಬೆಳಗ್ಗೆ ಎಂಟು ಗಂಟೆಯ ಒಳಗೆ ಹೋಗಿ, ಆಗ ರಸ್ತೆ ಖಾಲಿ ಇರುತ್ತದೆ. ತಾವು ಬರುವ ದಿನ ತಿಳಿಸಿದರೆ ನಾನೂ ಬರುತ್ತೇನೆ. ಅತ್ತೆಯವರನ್ನು ನಡುವೆ ಇರಿಸಿಕೊಂಡು, ನಡುವಿನ ದಿಣ್ಣೆಯವರೆಗೆ ನಾನು ಅವರ ಎಡಬದಿಯಲ್ಲಿ ನಡೆಯುತ್ತೇನೆ, ದಿಣ್ಣೆ ದಾಟಿದ ಮೇಲೆ ಬಲಬದಿಗೆ ಬರುತ್ತೇನೆ.